ಎಂಟು ಜನರ ಚೀಸ್ ಎಂಬತ್ತು ಜನರಿಗೆ

ಕಾಮೆಂಬೇರ್ ಎಂಬ ಫ್ರೆಂಚ್ ಚೀಸನ್ನು ಇಡಿಯಾಗಿ ಓವನ್‌ನಲ್ಲಿಟ್ಟು ಬಿಸಿ ಮಾಡಿ, ಊಟಕ್ಕೆ ಮುಂಚೆ ಅತಿಥಿಗಳ ಮುಂದಿಡುವ ಒಂದು ತಿನಿಸಿದೆ. ಮಾಡುವ ಕ್ರಮ ಸರಳ. 250 ಗ್ರಾಂ ತೂಗುವ ಒಂದು ಬಿಲ್ಲೆ, ಅದರ ಮೇಲ್ಮೈಯಲ್ಲಿ ಚಾಕುವಿನಿಂದ ಎಳೆದ ನಾಲ್ಕಾರು ಗೀರು, ಗೀರಿನೊಳಗೆ ಬೆಳ್ಳುಳ್ಳಿಯ ಚೂರು, ಮೇಲೆ ಒಂದು ಚಮಚ ಜೇನುತುಪ್ಪ. 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಸುಮಾರು 20 ನಿಮಿಷ. ಹೊರಗೆ ತೆಗೆದಾಗ ಸಿಪ್ಪೆ ಗಟ್ಟಿಯಾಗಿಯೇ ಇರುತ್ತದೆ, ಒಳಗಿನದೆಲ್ಲ ಕರಗಿ ಗಂಜಿಯಂತೆ ಹರಿಯುತ್ತದೆ. ಬ್ರೆಡ್ಡಿನ ತುಂಡುಗಳನ್ನು ಅದ್ದಿ ಎಂಟು ಜನ ತಿನ್ನಬಹುದು.

ಈಗ ಅತಿಥಿಗಳು ಎಂಟಲ್ಲ, ಎಂಬತ್ತು ಎಂದುಕೊಳ್ಳಿ. ಅಂಗಡಿಯವರು ಅದೇ ಜಾತಿಯ ಒಂದು ದೊಡ್ಡ ಚೀಸ್ ತೋರಿಸುತ್ತಾರೆ. ಅದರ ಹೆಸರು ಬ್ರೀ, ತೂಕ ಎರಡೂ ಮುಕ್ಕಾಲು ಕಿಲೋ, ಅಂದರೆ ಚಿಕ್ಕದರ ಹನ್ನೊಂದು ಪಟ್ಟು. ಬೆಳ್ಳುಳ್ಳಿ, ಜೇನುತುಪ್ಪದ ಲೆಕ್ಕ ಸುಲಭ, ಹನ್ನೊಂದರಿಂದ ಗುಣಿಸಿದರಾಯಿತು. ಆದರೆ ಓವನ್‌ನಲ್ಲಿ ಎಷ್ಟು ಹೊತ್ತು ಇಡಬೇಕು? 20 ನಿಮಿಷವನ್ನು ಹನ್ನೊಂದರಿಂದ ಗುಣಿಸಿದರೆ ಮೂರು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತಾದ ಮೇಲೆ ತಟ್ಟೆಯಲ್ಲಿ ಚೀಸ್ ಇರುವುದಿಲ್ಲ, ಎಣ್ಣೆಯಲ್ಲಿ ತೇಲುವ ಒಂದು ರಬ್ಬರಿನಂಥ ಹಾಳೆ ಇರುತ್ತದೆ. ನಿಜವಾದ ಉತ್ತರ ಅರ್ಧ ಗಂಟೆಯ ಆಸುಪಾಸಿನಲ್ಲಿದೆ. ಹನ್ನೊಂದು ಪಟ್ಟು ತೂಕಕ್ಕೆ ಒಂದೂವರೆ ಪಟ್ಟೂ ಸಮಯ ಬೇಡವೆನ್ನುವುದು ಮೊದಲು ನಂಬಲಾಗದ ಮಾತು. ಅದು ಯಾಕೆ ನಿಜ, ಯಾವಾಗ ನಿಜ, ಎಲ್ಲಿ ಕೈಕೊಡುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಎರಡೂ ಚೀಸ್‌ಗಳ ಅಳತೆಯನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಫ್ರಾನ್ಸಿನಲ್ಲಿ ಈ ಅಳತೆಗಳು ಕಾನೂನಿನ ವಿಷಯ. ನಾರ್ಮಂಡಿಯ ಕಾಮೆಂಬೇರ್ 1983ರಲ್ಲಿ ಮೂಲಸ್ಥಳದ ಹೆಸರಿನ ರಕ್ಷಣೆ ಪಡೆಯಿತು. ಅದರ ವ್ಯಾಸ 10.5ರಿಂದ 11 ಸೆಂಟಿಮೀಟರ್, ತೂಕ ಕನಿಷ್ಠ 250 ಗ್ರಾಂ, ದಪ್ಪ ಸುಮಾರು 3 ಸೆಂಟಿಮೀಟರ್. ಪ್ಯಾರಿಸ್ಸಿನ ಪೂರ್ವಕ್ಕಿರುವ ಮೋ ಪಟ್ಟಣದ ಹೆಸರಿನ ಬ್ರೀಗೆ ಇದೇ ರಕ್ಷಣೆ 1980ರಲ್ಲೇ ಸಿಕ್ಕಿತ್ತು. ಅದರ ವ್ಯಾಸ 36–37 ಸೆಂಟಿಮೀಟರ್, ನಮ್ಮ ದೊಡ್ಡ ಊಟದ ತಟ್ಟೆಗಿಂತ ಅಗಲ. ದಪ್ಪ ಮಾತ್ರ ಎರಡೂವರೆಯಿಂದ ಮೂರು ಸೆಂಟಿಮೀಟರಿನ ಒಳಗೇ. ಅಗಲ ಮೂರೂವರೆ ಪಟ್ಟು ಬೆಳೆದಿದೆ, ದಪ್ಪ ಒಂದಿಷ್ಟೂ ಬೆಳೆದಿಲ್ಲ.

ಓವನ್ನಿಗೆ ಚೀಸಿನ ತೂಕ ಗೊತ್ತಾಗುವುದಿಲ್ಲ. ಶಾಖ ಮೇಲಿನಿಂದಲೂ ಕೆಳಗಿನಿಂದಲೂ ಒಳಕ್ಕೆ ಇಳಿಯುತ್ತದೆ, ಇಳಿಯಬೇಕಾದ ದೂರ ದಪ್ಪದ ಅರ್ಧ. ಬಿಲ್ಲೆ ಎಷ್ಟೇ ಅಗಲವಾಗಿರಲಿ, ಅದರ ಪ್ರತಿಯೊಂದು ಚದರ ಅಂಗುಲಕ್ಕೂ ತನ್ನದೇ ಮೇಲ್ಮೈ ಇದೆ, ತನ್ನದೇ ಶಾಖ ಸಿಗುತ್ತದೆ. ಪಕ್ಕದ ಚದರ ಅಂಗುಲದ ಜೊತೆ ಅದಕ್ಕೆ ಹಂಚಿಕೊಳ್ಳುವ ಗೊಡವೆಯೇ ಇಲ್ಲ.

ಈ ಸಂಗತಿಯನ್ನು ಗಣಿತದ ಭಾಷೆಗೆ ಇಳಿಸಿದವನು ಫ್ರಾನ್ಸಿನವನೇ ಆದ ಜೋಸೆಫ್ ಫೂರಿಯೆ. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿಬಂದು, ಗ್ರೆನೋಬಲ್‌ನಲ್ಲಿ ಜಿಲ್ಲಾಡಳಿತ ನೋಡಿಕೊಳ್ಳುತ್ತಲೇ ಅವನು ಘನವಸ್ತುಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಅಭ್ಯಾಸ ಮಾಡಿದ. 1807ರಲ್ಲಿ ಪ್ರಬಂಧ ಒಪ್ಪಿಸಿದ. ಪರೀಕ್ಷಕರಲ್ಲಿದ್ದ ಲಗ್ರಾಂಜ್ ಅವನ ವಿಧಾನವನ್ನು ಒಪ್ಪಲಿಲ್ಲ. ಶಾಖದ ಸಿದ್ಧಾಂತ ಕುರಿತ ಅವನ ಪುಸ್ತಕ ಹೊರಬಂದದ್ದು 1822ರಲ್ಲಿ. ಅವನ ಸಮೀಕರಣದಿಂದ ಅಡುಗೆಮನೆಗೆ ದಕ್ಕುವ ಸಾರ ಒಂದೇ ಸಾಲಿನದು: ಶಾಖ ಒಳಕ್ಕೆ ತಲುಪಲು ಬೇಕಾಗುವ ಕಾಲ ದೂರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಅರ್ಧದಷ್ಟು ನೀರೇ ಇರುವ ಚೀಸಿನಲ್ಲಿ ಶಾಖ ಹರಡುವ ವೇಗ ನೀರಿನಲ್ಲಿ ಹರಡುವ ವೇಗಕ್ಕೆ ಹತ್ತಿರ. ಆ ಲೆಕ್ಕ ಹಾಕಿದರೆ ಒಂದೂವರೆ ಸೆಂಟಿಮೀಟರ್ ಆಳಕ್ಕೆ ಶಾಖ ಚೆನ್ನಾಗಿ ಇಳಿಯಲು ಇಪ್ಪತ್ತು, ಮೂವತ್ತು ನಿಮಿಷದ ಪ್ರಮಾಣದ ಕಾಲ ಬೇಕು. ಪಾಕಪುಸ್ತಕದ 20 ನಿಮಿಷ ಯಾರೋ ಮನಬಂದಂತೆ ಬರೆದದ್ದಲ್ಲ. ಅದು ಆ ಬಿಲ್ಲೆಯ ದಪ್ಪದೊಳಗೇ ಅಡಗಿದೆ.

ಓವನ್ನಿನ ವಿಷಯದಲ್ಲಿ ಫೂರಿಯೆಯ ನಿಯಮವನ್ನು ಸ್ವಲ್ಪ ಸಡಿಲಿಸಬೇಕು. ಒಳಗೆ ಹರಿಯುವ ಮುಂಚೆ ಶಾಖ ಗಾಳಿಯಿಂದ ಚೀಸಿನ ಮೈಗೆ ದಾಟಬೇಕಲ್ಲ. ಗಾಳಿ ಶಾಖ ಕೊಡುವುದರಲ್ಲಿ ಜಿಪುಣ. ಕುದಿಯುವ ನೀರಿಗೆ ಬೆರಳು ತಾಕಿಸಲಾರದ ನಾವು 180 ಡಿಗ್ರಿಯ ಓವನ್ನೊಳಗೆ ಕ್ಷಣಕಾಲ ಕೈಯಿಟ್ಟು ತೆಗೆಯಬಲ್ಲೆವು, ಕಾರಣ ಇದೇ. ಗಾಳಿಯಿಂದ ಮೈಗೆ ದಾಟುವ ಹಂತವೊಂದೇ ಅಡ್ಡಿಯಾಗಿದ್ದರೆ ದಪ್ಪ ಎರಡು ಪಟ್ಟಾದಾಗ ಕಾಲವೂ ಎರಡೇ ಪಟ್ಟಾಗುತ್ತಿತ್ತು. ಮೂರು ಸೆಂಟಿಮೀಟರಿನ ಚೀಸಿನಲ್ಲಿ ಒಳಗಿನ ಅಡ್ಡಿ, ಹೊರಗಿನ ಅಡ್ಡಿ ಹೆಚ್ಚುಕಡಿಮೆ ಸಮಸಮ. ಹಾಗಾಗಿ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟರೆ ಸಮಯ ಎರಡಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಇನ್ನು ಬ್ರೀಯ ಆ ಹೆಚ್ಚುವರಿ ಏಳೆಂಟು ನಿಮಿಷ ಎಲ್ಲಿಂದ ಬಂತು? ಅಂಚಿನಿಂದ. ಚಿಕ್ಕ ಕಾಮೆಂಬೇರಿನ ಒಟ್ಟು ಮೇಲ್ಮೈಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅದರ ಸುತ್ತಂಚು. ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕದಿಂದಲೂ ಅದಕ್ಕೆ ಧಾರಾಳ ಶಾಖ ನುಗ್ಗುತ್ತದೆ. ದೊಡ್ಡ ಬ್ರೀಯಲ್ಲಿ ಸುತ್ತಂಚಿನ ಪಾಲು ಎಂಟನೇ ಒಂದರಷ್ಟು. ಅದರ ನಟ್ಟನಡುವಿನ ಭಾಗಕ್ಕೆ ಪಕ್ಕದಿಂದ ಏನೂ ಒದಗುವುದಿಲ್ಲ. ಒಂದೇ ದಪ್ಪದ ಎರಡು ಬಿಲ್ಲೆಗಳನ್ನು ಹೋಲಿಸಿ ಮೇಲ್ಮೈಯನ್ನು ಗಾತ್ರದಿಂದ ಭಾಗಿಸಿ ನೋಡಿದರೆ ದೊಡ್ಡದಕ್ಕೆ ಮೂರನೇ ಒಂದರಷ್ಟು ಹೆಚ್ಚು ಸಮಯ ಬೇಕಾಗುತ್ತದೆ. ಅರ್ಧ ಗಂಟೆಯ ಲೆಕ್ಕ ಅಲ್ಲಿಗೆ ಕೂಡಿಬಂತು.

ಇದೇ ತೂಕದ ಚೀಸನ್ನು ಕಾಮೆಂಬೇರಿನ ಆಕಾರ ಕೆಡಿಸದೆ ಎಲ್ಲ ದಿಕ್ಕಿಗೂ ಸಮನಾಗಿ ದೊಡ್ಡದು ಮಾಡಿದ್ದರೆ? ಹನ್ನೊಂದು ಪಟ್ಟು ತೂಕಕ್ಕೆ ಪ್ರತಿ ಅಳತೆಯೂ 2.2 ಪಟ್ಟು ಬೆಳೆಯುತ್ತದೆ, ದಪ್ಪ ಆರೂವರೆ ಸೆಂಟಿಮೀಟರ್ ದಾಟುತ್ತದೆ. ಆಗ ಕಾಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಲವತ್ತು ನಿಮಿಷದ ನಡುವೆ ಎಲ್ಲಾದರೂ ಇರಬಹುದು. ಆಕಾರ ಬದಲಾಗದೆ ಗಾತ್ರ ಮಾತ್ರ ಬೆಳೆದಾಗ ಹೇಗೆ ಲೆಕ್ಕ ಹಾಕಬೇಕೆಂಬುದಕ್ಕೆ ಭೌತವಿಜ್ಞಾನಿಗಳ ವಲಯದಲ್ಲಿ ಒಂದು ಪ್ರಸಿದ್ಧ ಸೂತ್ರವಿದೆ. ಸ್ಟ್ಯಾನ್‌ಫರ್ಡ್‌ನ ರೇಖೀಯ ವೇಗವರ್ಧಕ ಕೇಂದ್ರದ ಮೊದಲ ನಿರ್ದೇಶಕ ವೋಲ್ಫ್‌ಗಾಂಗ್ ಪನೋಫ್‌ಸ್ಕಿ ಅಮೆರಿಕದ ಹಬ್ಬದೂಟದ ಟರ್ಕಿಕೋಳಿಗಾಗಿ ರೂಪಿಸಿದ್ದು ಅದು. ಪೌಂಡುಗಳಲ್ಲಿ ತೂಕ ತೆಗೆದುಕೊಂಡು, ಅದನ್ನು ಮೂರನೇ ಎರಡರ ಘಾತಕ್ಕೇರಿಸಿ, ಒಂದೂವರೆಯಿಂದ ಭಾಗಿಸಿದರೆ ಬೇಯುವ ಗಂಟೆಗಳು ಸಿಗುತ್ತವೆ. ಫೂರಿಯೆಯ ವರ್ಗನಿಯಮವೇ ಇಲ್ಲಿ ತೂಕದ ವೇಷದಲ್ಲಿದೆ. ದೊಡ್ಡ ಕೋಳಿ ಚಿಕ್ಕ ಕೋಳಿಯದೇ ಆಕಾರದಲ್ಲಿರುತ್ತದೆ, ಹಾಗಾಗಿ ಸೂತ್ರ ನಡೆಯುತ್ತದೆ. ಬ್ರೀ ಮತ್ತು ಕಾಮೆಂಬೇರ್ ಒಂದೇ ಆಕಾರದವಲ್ಲ. ಆದ್ದರಿಂದ ಈ ಸೂತ್ರವನ್ನು ಚೀಸಿಗೆ ಹಚ್ಚಬಾರದು.

ನಮ್ಮ ಮದುವೆ ಅಡುಗೆಯವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಸಾವಿರ ಎಲೆ ಹಾಕುವ ದಿನವೂ ಯಾರೂ ಇಡ್ಲಿಯನ್ನು ದಪ್ಪ ಮಾಡುವುದಿಲ್ಲ, ಸಂಖ್ಯೆ ಹೆಚ್ಚಿಸುತ್ತಾರೆ. ಇಡ್ಲಿಯೇ ದೊಡ್ಡದಾಗಬೇಕೆಂದು ಹಟ ತೊಟ್ಟ ಬಿಡದಿ, ತುಮಕೂರಿನ ಕಡೆಯವರು ತಟ್ಟೆ ಇಡ್ಲಿ ಮಾಡಿದರು. ಅದೂ ಅಗಲಕ್ಕೆ ಬೆಳೆಯಿತೇ ಹೊರತು ಎತ್ತರಕ್ಕಲ್ಲ. ಹಬೆ ಮೈಗೆ ಶಾಖ ಕೊಡುವ ರೀತಿ ಬೇರೆ, ಅದು ಗಾಳಿಗಿಂತ ಬಹಳ ಉದಾರಿ. ಆದರೆ ಹಿಟ್ಟಿನೊಳಗೆ ಶಾಖ ಇಳಿಯುವಾಗ ಕಾಡುವುದು ಅದೇ ದಪ್ಪ.

ಇಲ್ಲೊಂದು ಸೊಗಸಾದ ಪ್ರಶ್ನೆ ಏಳುತ್ತದೆ. ಬ್ರೀ ಮಾಡಿದವರು ಅದನ್ನು ಓವನ್ನಿಗೆಂದು ಮಾಡಿದವರಲ್ಲ. ಹಾಗಿದ್ದ ಮೇಲೆ ಅಷ್ಟು ದೊಡ್ಡ ಚೀಸನ್ನು ಅವರು ಯಾಕೆ ಅಷ್ಟು ತೆಳ್ಳಗೆ ಇಟ್ಟರು? ಉತ್ತರ ಹುಡುಕಲು ಓವನ್ ಬಿಟ್ಟು ಚೀಸ್ ಹಣ್ಣಾಗುವ ತಣ್ಣನೆಯ ಕೋಣೆಗೆ ಹೋಗಬೇಕು.

ಹಾಲಿಗೆ ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸಿ, ಆ ಗರಣೆಯನ್ನು ಸೌಟಿನಲ್ಲಿ ಎತ್ತಿ ತೂತಿನ ಅಚ್ಚಿಗೆ ಸುರಿಯುತ್ತಾರೆ. ನಾರ್ಮಂಡಿಯ ನಿಯಮದ ಪ್ರಕಾರ ಕನಿಷ್ಠ ಐದು ಸಲ, ಪ್ರತಿ ಸಲದ ನಡುವೆ ಕನಿಷ್ಠ 40 ನಿಮಿಷ ಬಿಟ್ಟು. ನೀರು ಬಸಿದು ಹೋದ ಮೇಲೆ ಸಿಗುವ ಬಿಲ್ಲೆ ಹುಳಿ, ಬಿಳಿ, ಸುಣ್ಣದ ಕಡ್ಡಿಯಂತೆ ಪುಡಿಯಾಗುವಂಥದ್ದು. ಅದರ ಮೈಮೇಲೆ ಪೆನಿಸಿಲಿಯಂ ಕಾಮೆಂಬರ್ಟಿ ಎಂಬ ಬಿಳಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿಗೆ ಗಾಳಿ ಬೇಕು, ಹಾಗಾಗಿ ಅದು ಮೇಲ್ಮೈಯಲ್ಲಿ ಮಾತ್ರ ಬದುಕಬಲ್ಲದು. ಅದು ಮೊದಲು ಲ್ಯಾಕ್ಟಿಕ್ ಆಮ್ಲವನ್ನು ತಿನ್ನುತ್ತದೆ, ಆಮೇಲೆ ಪ್ರೋಟೀನನ್ನು ಒಡೆದು ಅಮೋನಿಯ ಬಿಡುತ್ತದೆ. ಎರಡೂ ಸೇರಿ ಮೇಲ್ಮೈಯ ಹುಳಿ ಇಳಿಯುತ್ತದೆ. ಒಳಗಿನ ಆಮ್ಲ ಹೊರಕ್ಕೆ ಸರಿಯುತ್ತದೆ, ಹೊರಗಿನ ಅಮೋನಿಯ ಒಳಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂ ಫಾಸ್ಫೇಟ್ ಸಿಪ್ಪೆಯತ್ತ ಸಾಗಿ ಅಲ್ಲಿ ಹರಳುಗಟ್ಟುತ್ತದೆ. ಹುಳಿ ಇಳಿದು ಕ್ಯಾಲ್ಸಿಯಂ ಕಳೆದುಕೊಂಡ ಕೇಸಿನ್ ಪ್ರೋಟೀನು ತನ್ನ ಬಿಗಿ ಸಡಿಲಿಸಿ, ನೀರು ಹೀರಿ, ಬೆಣ್ಣೆಯಂತೆ ಮೆತ್ತಗಾಗುತ್ತದೆ. ಈ ಮೆತ್ತನೆಯ ಪದರ ಸಿಪ್ಪೆಯ ಕೆಳಗೆ ಶುರುವಾಗಿ ದಿನದಿನಕ್ಕೂ ನಡುವಿನತ್ತ ಸಾಗುತ್ತದೆ. ಅರೆಹಣ್ಣಾದ ಕಾಮೆಂಬೇರನ್ನು ಕತ್ತರಿಸಿದರೆ ಸುತ್ತ ಕೆನೆಬಣ್ಣದ ಮೆದು ಚೀಸು, ನಡುವೆ ಬಿಳಿ ಸುಣ್ಣದ ಗೆರೆ ಕಣ್ಣಿಗೇ ಕಾಣುತ್ತದೆ.

ಶಾಖ ಹರಡಿದಂತೆ ಇದು ಕೂಡ ವಿಸರಣವೇ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿ ಹರಡುವುದು. ಆಮ್ಲದ, ಅಮೋನಿಯದ ಅಣುಗಳು ಒಳಹೊರಗೆ ಸರಿಯುವುದಕ್ಕೂ ದೂರದ ವರ್ಗದ ನಿಯಮವೇ ಅನ್ವಯಿಸುತ್ತದೆ. ಓವನ್ನಿನಲ್ಲಿ ನಿಮಿಷಗಳಲ್ಲಿ ನಡೆಯುವುದು ಇಲ್ಲಿ ವಾರಗಳಲ್ಲಿ ನಡೆಯುತ್ತದೆ, ಅಷ್ಟೇ. ಚೀಸನ್ನು ಆರು ಸೆಂಟಿಮೀಟರ್ ದಪ್ಪ ಮಾಡಿದ್ದರೆ ನಡುಭಾಗ ಹಣ್ಣಾಗುವ ಹೊತ್ತಿಗೆ ಹೊರಭಾಗ ಅಮೋನಿಯದ ಘಾಟಿನಿಂದ ತಿನ್ನಲಾಗದಂತೆ ಆಗಿರುತ್ತಿತ್ತು. ಒಂದು ಸೆಂಟಿಮೀಟರ್ ಮಾಡಿದ್ದರೆ ಹಣ್ಣಾಗುವ ಮೊದಲೇ ಒಣಗಿ ಹೋಗುತ್ತಿತ್ತು. ಫೂರಿಯೆ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಬ್ರೀ ಪ್ರದೇಶದ ರೈತರು ಚೀಸ್ ದೊಡ್ಡದಾಗಬೇಕಾದರೆ ಅಗಲವಾಗಬೇಕು ಎಂದು ಕಂಡುಕೊಂಡಿದ್ದರು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ. ಹಣ್ಣಾಗುವುದಕ್ಕಾಗಿ ಆರಿಸಿಕೊಂಡ ದಪ್ಪ ಬೇಯಿಸುವುದಕ್ಕೂ ಹೊಂದಿಕೊಂಡಿತು. ಎರಡರ ಹಿಂದೆಯೂ ಇರುವುದು ಒಂದೇ ಗಣಿತ.

ಹಣ್ಣಾಗುವ ರಸಾಯನಶಾಸ್ತ್ರಕ್ಕೂ ಕರಗುವುದಕ್ಕೂ ನೇರ ನಂಟಿದೆ. ಚೀಸ್ ಎರಡು ಹಂತದಲ್ಲಿ ಕರಗುತ್ತದೆ. ಮೊದಲು ಹಾಲಿನ ಕೊಬ್ಬು, ಅದು 40 ಡಿಗ್ರಿ ತಲುಪುವಷ್ಟರಲ್ಲಿ ಪೂರ್ತಿ ದ್ರವ. ಆದರೂ ಚೀಸ್ ಹರಿಯುವುದಿಲ್ಲ, ಕೇಸಿನ್ನಿನ ಬಲೆ ಅದನ್ನು ಹಿಡಿದಿರುತ್ತದೆ. ಐವತ್ತೈದು, ಅರವತ್ತು ಡಿಗ್ರಿ ದಾಟುವಾಗ ಬಲೆಯ ಎಳೆಗಳು ಒಂದರ ಮೇಲೊಂದು ಜಾರಲು ಶುರುವಾಗುತ್ತವೆ, ಆಗ ಹರಿವು. ಎಳೆಗಳು ಜಾರಬೇಕಾದರೆ ಹುಳಿ ಹದವಾಗಿರಬೇಕು. ಹುಳಿ ಹೆಚ್ಚಿರುವ ಬಲೆ ಬಿಸಿಯಾದಾಗ ಜಾರುವ ಬದಲು ಇನ್ನಷ್ಟು ಬಿಗಿಯಾಗುತ್ತದೆ. ಕುದಿಸಿದ ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದ ಪನೀರ್ ಕಾವಲಿಯ ಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆಯೇ ಹೊರತು ಕರಗುವುದಿಲ್ಲ, ಅದು ಈ ಜಾತಿಗೆ ಸೇರಿದ್ದು. ಪೂರ್ತಿ ಹಣ್ಣಾಗದ ಕಾಮೆಂಬೇರಿನ ನಡುಗೆರೆಯೂ ಇದೇ ಸ್ಥಿತಿಯಲ್ಲಿರುತ್ತದೆ. ಓವನ್ನಿನಲ್ಲಿ ಸುತ್ತೆಲ್ಲ ಹರಿದರೂ ನಡುವೆ ಒಂದು ಗಂಟು ಉಳಿಯುತ್ತದೆ. ಜನ ಅದನ್ನು ಬೇಯದೆ ಉಳಿದದ್ದೆಂದು ತಿಳಿದು ಮತ್ತೆ ಹತ್ತು ನಿಮಿಷ ಇಡುತ್ತಾರೆ. ನೂರು ನಿಮಿಷ ಇಟ್ಟರೂ ಅದು ಕರಗದು. ಬೇಕಿರುವುದು ಶಾಖವಲ್ಲ, ತಣ್ಣನೆಯ ಕೋಣೆಯಲ್ಲಿ ಇನ್ನೊಂದು ವಾರ.

ಆದ್ದರಿಂದ ಕೊಳ್ಳುವಾಗ ಕಾಗದದ ಮೇಲಿಂದಲೇ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಅಂಚು, ನಡು ಎರಡೂ ಒಂದೇ ರೀತಿ ಬಗ್ಗಿದರೆ ಅದು ಹಣ್ಣಾಗಿದೆ. ಹಲವು ಚೀಸ್ ಕೊಳ್ಳುವಾಗ ಎಲ್ಲವೂ ಒಂದೇ ತಯಾರಿಕೆಯ ದಿನಾಂಕದವಾಗಿರುವಂತೆ ನೋಡಿಕೊಳ್ಳುವುದು ಓವನ್ನಿನ ಡಿಗ್ರಿಗಿಂತ ಮುಖ್ಯ. ಅಂಗಡಿಗಳಲ್ಲಿ ಸಿಗುವ ಕಾರ್ಖಾನೆಯ ಬ್ರೀಗಳಲ್ಲಿ ಹಲವನ್ನು ಮೊದಲಿನಿಂದಲೇ ಹುಳಿ ಕಡಿಮೆ ಇರುವಂತೆ ಮಾಡಿರುತ್ತಾರೆ. ಅವು ನಡುಗೆರೆಯಿಲ್ಲದೆ ಏಕರೂಪವಾಗಿ ಮೆತ್ತಗಿರುತ್ತವೆ. ರುಚಿಯಲ್ಲಿ ಹಿಂದೆ, ಆದರೆ ಜನ ಹೆಚ್ಚಿದ್ದಾಗ ನಂಬಿಕೆಗೆ ಯೋಗ್ಯ. ಇನ್ನೊಂದು ಮಾತನ್ನೂ ಸೇರಿಸಬೇಕು. ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಬಳಸುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಸಸ್ಯಾಹಾರಿ ಅತಿಥಿಗಳಿದ್ದರೆ ಪೊಟ್ಟಣದ ಮೇಲೆ ಹಸಿರು ಗುರುತು ಇರುವ ಚೀಸನ್ನೇ ತರಬೇಕು. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ತಿನಿಸು ಹಬ್ಬದ ಪಾರ್ಟಿಗಳಲ್ಲಿ ಬಂದಾಗ ಮೊದಲು ವಿಚಾರಿಸಬೇಕಾದದ್ದೂ ಇದೇ.

ಇಲ್ಲಿಯವರೆಗೆ ಓದಿದವರಿಗೆ ದೊಡ್ಡ ಬ್ರೀಯೇ ಸರಿಯಾದ ಆಯ್ಕೆ ಎನ್ನಿಸಿರಬಹುದು. ಒಂದೇ ಚೀಸ್, ಒಂದೇ ಸಲ, ಅರ್ಧ ಗಂಟೆ. ಶಾಖದ ಲೆಕ್ಕದಲ್ಲಿ ಅದು ನಿಜ. ಆದರೆ ಚೀಸ್ ಬಿಸಿಯಾದ ಮೇಲೆ ಅದನ್ನು ಹಿಡಿದು ನಿಲ್ಲಿಸುವುದು ಯಾರು? ಆ ತೆಳು ಸಿಪ್ಪೆ.

ಒಳಗಿನದೆಲ್ಲ ದ್ರವವಾದಾಗ ಅದು ಎಲ್ಲ ದ್ರವಗಳಂತೆ ಪಕ್ಕದ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಮೂರು ಸೆಂಟಿಮೀಟರ್ ಆಳದ ದ್ರವದ ಒತ್ತಡ ಎರಡೂ ಚೀಸ್‌ಗಳಲ್ಲಿ ಒಂದೇ. ಆದರೆ ದುಂಡನೆಯ ಗೋಡೆಯಲ್ಲಿ ಉಂಟಾಗುವ ಎಳೆತ ಒತ್ತಡದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಬೇಕು. ಈ ಸಂಬಂಧಕ್ಕೆ ಲಾಪ್ಲಾಸ್‌ನ ಹೆಸರಿದೆ. ಫೂರಿಯೆಯ 1807ರ ಪ್ರಬಂಧವನ್ನು ಪರಿಶೀಲಿಸಿದವರಲ್ಲಿ ಅವನೂ ಒಬ್ಬ. ಬ್ರೀಯ ತ್ರಿಜ್ಯ ಕಾಮೆಂಬೇರಿನದಕ್ಕಿಂತ ಮೂರೂವರೆ ಪಟ್ಟು ಹೆಚ್ಚು, ಹಾಗಾಗಿ ಅದರ ಸಿಪ್ಪೆ ಮೂರೂವರೆ ಪಟ್ಟು ಎಳೆತ ತಾಳಬೇಕು. ಸಿಪ್ಪೆ ಮಾತ್ರ ಅಷ್ಟು ಪಟ್ಟು ದಪ್ಪವಿಲ್ಲ, ಅದೇ ಬೂಷ್ಟಿನ ಅದೇ ಎಳೆಗಳ ಹೆಣಿಗೆ. ಚಿಕ್ಕ ಚೀಸ್ ತಟ್ಟೆಯ ಮೇಲೆ ಬಿರಿಯದೆ ಕುಳಿತಿರುವಾಗ ದೊಡ್ಡದು ಎಲ್ಲೋ ಒಂದು ಕಡೆ ಬಿರಿದು ಟ್ರೇ ತುಂಬ ಹರಿಯುತ್ತದೆ. ಮೊದಲ ಅತಿಥಿ ಅಂಚನ್ನು ಒಡೆದು ಬ್ರೆಡ್ ಅದ್ದಿದ ಕೂಡಲೇ ಉಳಿದದ್ದೂ ಆ ದಾರಿಯಲ್ಲೇ ಹೊರಬರುತ್ತದೆ.

ಬಿಸಿ ಬ್ರೀಯನ್ನು ಟ್ರೇಯಿಂದ ತಟ್ಟೆಗೆ ಎತ್ತಿ ದಾಟಿಸುವ ಯೋಚನೆಯನ್ನೇ ಬಿಡಬೇಕು. ದೊಡ್ಡದನ್ನೇ ಮಾಡಬೇಕೆಂದಿದ್ದರೆ ಅದರ ಅಳತೆಗೆ ಸರಿಹೊಂದುವ ಅಂಚುಳ್ಳ ಪಾತ್ರೆಯಲ್ಲಿಟ್ಟು, ಮೇಲಿನ ಸಿಪ್ಪೆಯಲ್ಲಿ ಮಾತ್ರ ಬಾಯಿ ತೆರೆದು, ಅದೇ ಪಾತ್ರೆಯಲ್ಲಿ ಬಡಿಸಬೇಕು. ಆಗ ಎಳೆತ ತಾಳುವುದು ಪಿಂಗಾಣಿಯ ಗೋಡೆ. ಕಾಮೆಂಬೇರಿನ ಜೊತೆ ಬರುವ ತೆಳು ಮರದ ಡಬ್ಬಿ ಮಾಡುವುದೂ ಇದೇ ಕೆಲಸ. 19ನೇ ಶತಮಾನದ ಕೊನೆಯಲ್ಲಿ ಚೀಸನ್ನು ರೈಲಿನಲ್ಲಿ ದೂರದೂರಿಗೆ ಕಳಿಸಲೆಂದು ಬಳಕೆಗೆ ಬಂದ ಡಬ್ಬಿ ಈಗ ಓವನ್ನಿನೊಳಗೂ ಆಸರೆ. ಪಿನ್ನು ಹೊಡೆದು ಜೋಡಿಸಿದ ಡಬ್ಬಿಯನ್ನು ಓವನ್ನಿನಲ್ಲಿಡಬಹುದು, ಅಂಟಿನಿಂದ ಜೋಡಿಸಿದ್ದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ಕಾಗದವನ್ನು ಮೊದಲೇ ತೆಗೆದಿರಬೇಕೆಂದು ಬೇರೆ ಹೇಳಬೇಕಿಲ್ಲ.

ಹೀಗೆ ಸುತ್ತಿ ಬಂದು ನಾವು ಇಡ್ಲಿಯವರ ದಾರಿಗೇ ಸೇರಿದೆವು. ಒಂದು ದೊಡ್ಡದರ ಬದಲು ಹನ್ನೊಂದು ಚಿಕ್ಕವು. ನನ್ನ ಸ್ಪಷ್ಟ ಸಲಹೆ ಇದೇ. ಆದರೆ ಹನ್ನೊಂದನ್ನೂ ಒಟ್ಟಿಗೆ ಓವನ್ನಿಗೆ ತುಂಬಿದರೆ 20 ನಿಮಿಷದಲ್ಲಿ ಆಗುತ್ತದೆಯೇ? ಆಗುವುದಿಲ್ಲ. ಇಲ್ಲಿ ದಪ್ಪದ ನಿಯಮ ನಿಂತು ಒಟ್ಟು ಶಾಖದ ಲೆಕ್ಕ ಶುರುವಾಗುತ್ತದೆ.

ಫ್ರಿಜ್ಜಿನಿಂದ 5 ಡಿಗ್ರಿಯಲ್ಲಿ ಹೊರಬಂದ 250 ಗ್ರಾಂ ಚೀಸನ್ನು 65 ಡಿಗ್ರಿಗೆ ಏರಿಸಲು ಸುಮಾರು 45 ಕಿಲೋಜೂಲ್ ಬೇಕು. ಅದನ್ನಿಟ್ಟಿರುವ ಅರ್ಧ ಕಿಲೋಗೂ ಹೆಚ್ಚು ತೂಗುವ ಪಿಂಗಾಣಿ ಬಟ್ಟಲು ತಾನೂ ಬಿಸಿಯಾಗಲು ಹೆಚ್ಚುಕಡಿಮೆ ಅಷ್ಟೇ ಶಾಖ ಹೀರುತ್ತದೆ. ಅಂದರೆ ಓವನ್ನಿಗೆ ಪ್ರತಿ ಬಟ್ಟಲೂ ಇನ್ನೊಂದು ಚೀಸ್ ಇದ್ದ ಹಾಗೆ. ಹನ್ನೊಂದು ಚೀಸ್, ಹನ್ನೊಂದು ಬಟ್ಟಲು ಸೇರಿ ಸಾವಿರ ಕಿಲೋಜೂಲ್ ಆಯಿತು. ಇದರೆದುರು 30 ಲೀಟರ್ ಓವನ್ನಿನ ಬಿಸಿಗಾಳಿಯಲ್ಲಿ ಕೂಡಿಟ್ಟ ಶಾಖ ನಾಲ್ಕು ಕಿಲೋಜೂಲಿಗಿಂತ ಕಡಿಮೆ, ಆ ಗಾಳಿಯ ತೂಕ ಇಪ್ಪತ್ತು, ಇಪ್ಪತ್ತೈದು ಗ್ರಾಂ ಅಷ್ಟೇ. ಮುಂಚೆಯೇ ಕಾಯಿಸಿಟ್ಟ ಓವನ್ನಿನಲ್ಲಿ ಕೂಡಿಟ್ಟ ಶಾಖ ಇರುವುದು ಗೋಡೆಯಲ್ಲಿ, ಕಡ್ಡಿಗಳಲ್ಲಿ. ಬಾಕಿಯನ್ನೆಲ್ಲ ವಿದ್ಯುತ್ ಸುರುಳಿಯೇ ಒದಗಿಸಬೇಕು. ನಮ್ಮ ಮನೆಗಳ ಒಟಿಜಿ ಎಂಬ ಸಣ್ಣ ಓವನ್ನಿನ 1500 ವ್ಯಾಟ್ ಸುರುಳಿ ಒಂದು ಹನಿಯೂ ಸೋರದಂತೆ ಎಲ್ಲವನ್ನೂ ಚೀಸಿಗೇ ಕೊಟ್ಟರೂ ಸಾವಿರ ಕಿಲೋಜೂಲಿಗೆ ಹನ್ನೊಂದು ನಿಮಿಷ ಬೇಕು. ವಾಸ್ತವದಲ್ಲಿ ಅದರ ದೊಡ್ಡ ಪಾಲು ಗೋಡೆಗಳ ಮೂಲಕ ಅಡುಗೆಮನೆಗೆ ಹೋಗುತ್ತದೆ. ಮುಳ್ಳು 180 ತೋರಿಸುತ್ತಿದ್ದರೂ ತುಂಬಿದ ಓವನ್ನಿನ ಒಳಗೆ ಬಹಳ ಹೊತ್ತು ಅಷ್ಟು ಬಿಸಿ ಇರುವುದಿಲ್ಲ.

ಎರಡು ಟ್ರೇ ಮೇಲೆ ಕೆಳಗೆ ಇಟ್ಟರೆ ಇನ್ನೊಂದು ತೊಡಕು. ಸಣ್ಣ ಓವನ್ನಿನಲ್ಲಿ ಶಾಖದ ಗಣನೀಯ ಭಾಗ ಕೆಂಪಗೆ ಕಾದ ಸುರುಳಿಯಿಂದ ನೇರ ವಿಕಿರಣವಾಗಿ ಬರುತ್ತದೆ. ಮೇಲಿನ ಟ್ರೇ ಕೆಳಗಿನದಕ್ಕೆ ಮರೆಯಾಗುತ್ತದೆ. ಮೇಲಿನವುಗಳ ನೆತ್ತಿ ಕಂದಿರುತ್ತದೆ, ಕೆಳಗಿನವು ಇನ್ನೂ ಬೆಚ್ಚಗಾಗಿರುತ್ತವೆ ಅಷ್ಟೇ. ಫ್ಯಾನ್ ಇರುವ ಓವನ್ನಿನಲ್ಲಿ ಇದು ಕಡಿಮೆ, ಇಲ್ಲದ್ದರಲ್ಲಿ ಅರ್ಧ ಹೊತ್ತಿಗೆ ಟ್ರೇ ಅದಲುಬದಲು ಮಾಡಬೇಕು. ಚೀಸ್‌ಗಳ ನಡುವೆ ಎರಡು ಬೆರಳಿನ ಅಂತರ ಬಿಡದಿದ್ದರೆ ಸುತ್ತಂಚಿನ ಶಾಖವೂ ತಪ್ಪಿಹೋಗಿ ಹನ್ನೊಂದು ಚಿಕ್ಕ ಚೀಸ್‌ಗಳು ಒಂದು ದೊಡ್ಡ ಚೀಸಿನಂತೆಯೇ ನಡೆದುಕೊಳ್ಳತೊಡಗುತ್ತವೆ.

ಉರಿ ಹೆಚ್ಚಿಸಿ ಇದನ್ನೆಲ್ಲ ಸರಿದೂಗಿಸಬಹುದೆಂದು ಯಾರಿಗಾದರೂ ಅನ್ನಿಸುತ್ತದೆ. ಆ ದಾರಿ ಬೇಡ. ಹೊರಪದರ ಎಂಬತ್ತು ಡಿಗ್ರಿಯ ಆಚೆ ಬಹಳ ಹೊತ್ತು ನಿಂತರೆ ಕೇಸಿನ್ ಮುದುಡಿಕೊಂಡು ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಒಮ್ಮೆ ಎಣ್ಣೆ ಬಿಟ್ಟುಕೊಂಡ ಚೀಸ್ ಮತ್ತೆ ಕೂಡಿಕೊಳ್ಳುವುದಿಲ್ಲ. ಶಾಖ ಹೆಚ್ಚು ಕೊಡುವುದಕ್ಕಿಂತ ಕಡಿಮೆ ಬೇಡುವಂತೆ ಮಾಡುವುದು ಜಾಣತನ. ಚೀಸನ್ನು ಮುಕ್ಕಾಲು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಟ್ಟು ಬೆಂಗಳೂರಿನ 25 ಡಿಗ್ರಿಯತ್ತ ತಂದರೆ ಅದು 60 ಡಿಗ್ರಿ ಪೂರ್ತಿ ಏರಬೇಕಿಲ್ಲ, ಒಂದು ಭಾಗ ಶಾಖ ಪುಕ್ಕಟೆ ಸಿಕ್ಕಿದಂತೆ. ಬಟ್ಟಲುಗಳನ್ನು ಖಾಲಿಯಾಗಿಯೇ ಓವನ್ನಿನಲ್ಲಿ ಬೆಚ್ಚಗೆ ಮಾಡಿಟ್ಟುಕೊಂಡರೆ ಇನ್ನೊಂದು ಭಾಗ ಉಳಿಯಿತು.

ಆ ಭಾರದ ಬಟ್ಟಲು ಹೀರಿದ ಶಾಖ ವ್ಯರ್ಥವಲ್ಲ, ಬಡಿಸುವಾಗ ಅದು ಹಿಂದಿರುಗುತ್ತದೆ. ಮೇಜಿನ ಮೇಲೆ ಚೀಸ್ ತಣ್ಣಗಾಗುತ್ತ ಬಂದಂತೆ ಮೊದಲು ಎಳೆಗಳು ಬಿಗಿಯುತ್ತವೆ, 40 ಡಿಗ್ರಿಯ ಕೆಳಗೆ ಕೊಬ್ಬು ಹೆಪ್ಪುಗಟ್ಟತೊಡಗುತ್ತದೆ, ಅಷ್ಟರಲ್ಲಿ ಬ್ರೆಡ್ಡಿನ ತುಂಡು ಮುರಿಯುತ್ತದೆ, ಚೀಸ್ ಬರುವುದಿಲ್ಲ. ಬಿಸಿ ಪಿಂಗಾಣಿ ಈ ಗಳಿಗೆಯನ್ನು ಮುಂದೂಡುತ್ತದೆ, ಮರದ ಡಬ್ಬಿ ಶಾಖವನ್ನು ಹೊರಗೆ ಬಿಡದೆ ತನ್ನದೇ ರೀತಿಯಲ್ಲಿ ಸಹಾಯ ಮಾಡುತ್ತದೆ, ತೆಳು ಸ್ಟೀಲ್ ತಟ್ಟೆ ಎರಡನ್ನೂ ಮಾಡುವುದಿಲ್ಲ. ಎಂಬತ್ತು ಜನ ಒಂದೇ ನಿಮಿಷದಲ್ಲಿ ಬಂದು ತಿನ್ನುವುದೂ ಇಲ್ಲ. ಬರುತ್ತಾರೆ, ಮಾತಾಡುತ್ತಾರೆ, ಇನ್ನಷ್ಟು ಜನ ಬರುತ್ತಾರೆ. ಮೂರು ಮೂರು ಚೀಸ್‌ಗಳ ತಂಡ ಮಾಡಿ 20 ನಿಮಿಷಕ್ಕೊಮ್ಮೆ ಒಂದು ತಂಡ ಹೊರತೆಗೆದರೆ 30 ಲೀಟರಿನ ಓವನ್ ಕೂಡ ಎಂಬತ್ತು ಜನರನ್ನು ನಿಭಾಯಿಸಬಲ್ಲದು, ಪ್ರತಿಯೊಬ್ಬರಿಗೂ ಹರಿಯುವ ಚೀಸೇ ಸಿಗುತ್ತದೆ. ಓವನ್ನಿಗೆ ಹೋಗಲು ಮುಕ್ಕಾಲು ಗಂಟೆ ಉಳಿದಿರುವವರೆಗೆ ಪ್ರತಿ ತಂಡವೂ ಫ್ರಿಜ್ಜಿನಲ್ಲೇ ಇರಲಿ.

ಎಚ್ಚರಿಕೆಯ ವಿಷಯವೊಂದು ಉಳಿದಿದೆ, ಜನ ಹೆಚ್ಚಾದಂತೆ ಅದರ ಭಾರವೂ ಹೆಚ್ಚುತ್ತದೆ. ನೀರಿನಂಶ ಹೆಚ್ಚಿದ್ದು ಹುಳಿ ಇಳಿದಿರುವ ಮೆದು ಚೀಸ್ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಕ್ಕೆ ಒಗ್ಗುವ ಜಾಗ, ಫ್ರಿಜ್ಜಿನ ತಂಪಿನಲ್ಲೂ ಅದು ನಿಧಾನವಾಗಿ ಬೆಳೆಯಬಲ್ಲದು. 1983ರಿಂದ 1987ರ ನಡುವೆ ಸ್ವಿಟ್ಜರ್ಲೆಂಡಿನ ವೋ ಪ್ರಾಂತದಲ್ಲಿ ವಾಷ್ರಾಂ ಮೊಂದೋರ್ ಎಂಬ ಮೆದು ಚೀಸಿನಿಂದ ಹರಡಿದ ಲಿಸ್ಟೀರಿಯ ಸೋಂಕಿಗೆ 30ಕ್ಕೂ ಹೆಚ್ಚು ಜನ ಬಲಿಯಾದರು. ಗರ್ಭಿಣಿಯರಿಗೆ, ಅವರ ಹೊಟ್ಟೆಯಲ್ಲಿರುವ ಶಿಶುವಿಗೆ, ವೃದ್ಧರಿಗೆ ಇದರ ಅಪಾಯ ಹೆಚ್ಚು. ಬೂಷ್ಟಿನ ಸಿಪ್ಪೆಯ ಮೆದು ಚೀಸನ್ನು ಗರ್ಭಿಣಿಯರು ತಿನ್ನುವುದಾದರೆ ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಹೇಳುತ್ತದೆ. ಇಲ್ಲಿ ನಾವು ನೋಡಿದ ಲೆಕ್ಕ ನೇರವಾಗಿ ಬಳಕೆಗೆ ಬರುತ್ತದೆ. ಚೀಸ್ ಹರಿಯಲು ಶುರುವಾಗುವುದು ಅರವತ್ತು ಡಿಗ್ರಿಯ ಸುಮಾರಿಗೆ, ಸುರಕ್ಷತೆಗೆ ನಡುಭಾಗ 70 ಡಿಗ್ರಿಯಲ್ಲಿ ಎರಡು ನಿಮಿಷವಾದರೂ ಇರಬೇಕು. ಕಣ್ಣಿಗೆ ಕರಗಿದಂತೆ ಕಂಡದ್ದು ಆ ಮಟ್ಟ ತಲುಪಿರಬೇಕೆಂದೇನಿಲ್ಲ, ದೊಡ್ಡ ಬಿಲ್ಲೆಯ ನಟ್ಟನಡುವಂತೂ ಕೊನೆಗೆ ತಲುಪುವ ಜಾಗ. ಕಡ್ಡಿ ಥರ್ಮಾಮೀಟರನ್ನು ನೆತ್ತಿಯ ಗೀರಿನೊಳಗಿಂದ ದಪ್ಪದ ಅರ್ಧದವರೆಗೆ ಇಳಿಸಿ ನೋಡಬೇಕು. ಪ್ರತಿ ತಂಡದಲ್ಲೂ ಒಂದನ್ನು ಅಳೆಯಬೇಕು, ಅದು ಓವನ್ನಿನ ಬಾಗಿಲಿನ ಕಡೆ ಇದ್ದ ಚೀಸಾಗಿರಲಿ, ತಂಪು ಹೆಚ್ಚಿರುವುದು ಅಲ್ಲೇ. ಗರ್ಭಿಣಿ ಅತಿಥಿಯಿದ್ದರೆ ಅವರಿಗೆಂದು ಪಾಶ್ಚರೀಕರಿಸಿದ ಹಾಲಿನ ಚೀಸನ್ನು ಬೇರೆ ಬಟ್ಟಲಿನಲ್ಲಿ, ಇನ್ನೂ ಐದಾರು ನಿಮಿಷ ಹೆಚ್ಚಿಗೆ ಇಟ್ಟು, 70 ದಾಟಿದ್ದನ್ನು ಕಂಡ ಮೇಲೆ ಕೊಡಬೇಕು. ಅದರ ಅಂಚಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟಿದ್ದರೆ ಬಿಡಲಿ.